ಸೀಲಿಲ್ಲದ ಪಹಣಿ, ಡ್ರಾಯರಿನಲ್ಲಿದ್ದ ಸಹಿ

ಬಳ್ಳಾರಿಯ ಹಲಕುಂದಿಯಲ್ಲಿ, ಹೆದ್ದಾರಿ ಬದಿಗೆ ನಮ್ಮ ಮಾಮನ ಮಗನ ಹೋಟೆಲಿದೆ. ನಮಗಿಂತ ಹಿರಿಯರು, ನಾವು ಕಾಕ ಎಂದೇ ಕರೆಯುವುದು. ಅವರು ಆ ಊರಿಗೆ ಬಂದದ್ದು ಹೋಟೆಲ್ ಇಡಲು ಅಲ್ಲ. ಬಳ್ಳಾರಿ ಅದಿರು ಮಂಗಳೂರು ಬಂದರಿಗೆ ಲಾರಿ ಲಾರಿಯಾಗಿ ಇಳಿಯುತ್ತಿದ್ದ ಕಾಲದಲ್ಲಿ ಬೈಕಂಪಾಡಿಯಿಂದ ಕ್ಲೀನರ್ ಆಗಿ ಹೋದವರು, ಡ್ರೈವರ್ ಆದರು. 2011ರಲ್ಲಿ ಗಣಿ ನಿಂತಾಗ ಊರಿಗೆ ಮರಳದೆ ಅಲ್ಲೇ ಉಳಿದು ಮೊದಲು ಪಂಚರ್ ಅಂಗಡಿ, ಆಮೇಲೆ ಹೋಟೆಲ್ ಮಾಡಿದರು. ನಮ್ಮ ಕಡೆಯ ಲಾರಿಯವರು ಇವತ್ತೂ ಆ ದಾರಿಯಲ್ಲಿ ಹೋದರೆ ಅಲ್ಲಿ ಒಂದು ಗ್ಲಾಸ್ ಸುಲೈಮಾನಿ ಕುಡಿಯದೆ ಮುಂದೆ ಹೋಗುವುದಿಲ್ಲ.

ಮದ್ರಸಕ್ಕೆ ರಜೆ ಇದ್ದಾಗ ನಾವು ಅಲ್ಲಿಗೆ ಹೋಗಿದ್ದೆವು. ರಾತ್ರಿ ಊಟವಾದ ಮೇಲೆ ಕಾಕ ಒಂದು ಕಾಗದ ತಂದು ಮುಂದಿಟ್ಟರು. "ಉಸ್ತಾದೇ, ನೀವು ಓದಿದವರಲ್ವಾ, ಇದನ್ನೊಮ್ಮೆ ನೋಡಿ. ಇದು ಅಸಲಾ ನಕಲಾ?"

ನೋಡಿದರೆ ಪಹಣಿ. ಊರಿನ ರೈತರೊಬ್ಬರ ಎರಡು ಎಕರೆ ಮೆಣಸಿನಕಾಯಿ ಹೊಲದ್ದು. ಮಾರಾಟಕ್ಕಿದೆಯಂತೆ. ನಡುವೆ ಒಬ್ಬ ದಲ್ಲಾಳಿ. ಮರುದಿನ ನಾಲ್ಕು ಲಕ್ಷ ಅಡ್ವಾನ್ಸ್ ಕೊಡಬೇಕಂತೆ. ಆ ನಾಲ್ಕು ಲಕ್ಷ ಕಾಕನ ಮಗಳ ಮದುವೆಗೆಂದು ಕೂಡಿಟ್ಟದ್ದು ಎಂದು ಒಳಗಿನಿಂದ ಅತ್ತಿಗೆಯ ದನಿ ಬಂತು. ಕಾಗದದಲ್ಲಿ ಸೀಲಿಲ್ಲ, ಶಾಯಿಯ ಸಹಿ ಇಲ್ಲ. ಕೆಳಗೆ ಒಂದು ಚೌಕದಲ್ಲಿ 'ಡಿಜಿಟಲ್ ಸಹಿ ಮಾಡಲಾಗಿದೆ' ಎಂಬ ಅರ್ಥದ ಸಾಲು, ಒಂದು ಹೆಸರು, ತಾರೀಕು, ಗಂಟೆ ಮಿನಿಟು. ಹೋಟೆಲಿನ ಕೆಲಸದ ಹುಡುಗನ ಸಂಶಯ ಇಷ್ಟೇ: "ಸೀಲೇ ಇಲ್ಲಲ್ರೀ ಸಾವ್ಕಾರ, ಇದೆಂಥ ಸರ್ಕಾರಿ ಕಾಗ್ದ?" ಕಾಕನ ಮಗನದ್ದು ಅದಕ್ಕೆ ವಿರುದ್ಧ: "ಡಿಜಿಟಲ್ ಇದೆಯಲ್ಲ, ಕಂಪ್ಯೂಟರಿಂದ ಬಂದದ್ದು, ಇನ್ನೇನು ಬೇಕು?"

ಇಬ್ಬರದೂ ತಪ್ಪೇ. ಆದರೆ ನಮ್ಮ ಮನೆಗಳಲ್ಲಿ ಇಂದು ಇರುವುದು ಇವೆರಡೇ ಅಭಿಪ್ರಾಯ. ಹಿರಿಯರಿಗೆ ಸೀಲಿಲ್ಲದ್ದು ಕಾಗದವೇ ಅಲ್ಲ. ಮಕ್ಕಳಿಗೆ ಡಿಜಿಟಲ್ ಎಂದದ್ದೆಲ್ಲ ಸತ್ಯ. ಹಾಗಾಗಿ ಈ ವಾರ ಈ ವಿಷಯವನ್ನೇ ಬರೆಯೋಣ ಎಂದುಕೊಂಡೆವು. ನಾವು ಕಂಪ್ಯೂಟರ್ ಕಲಿತವರಲ್ಲ. ಕೇಳಿ, ಓದಿ, ಒಬ್ಬಿಬ್ಬರು ವಕೀಲರ ತಲೆ ತಿಂದು ತಿಳಿದುಕೊಂಡದ್ದನ್ನು ನಮಗೆ ಅರ್ಥವಾದ ಭಾಷೆಯಲ್ಲಿ ಹೇಳುತ್ತೇವೆ.

ಸೀಲಿನ ಮೇಲಿನ ನಂಬಿಕೆ ಎಷ್ಟು ಗಟ್ಟಿ ಎಂದು ತಿಳಿಯಲು ಬಳ್ಳಾರಿಗಿಂತ ಒಳ್ಳೆಯ ಊರು ಬೇರೆ ಇಲ್ಲ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಕೊಟ್ಟ ವರದಿ ನೆನಪಿರಬಹುದು. 2006ರಿಂದ 2010ರವರೆಗೆ ಅಕ್ರಮ ಗಣಿಗಾರಿಕೆಯಿಂದ ಸರ್ಕಾರಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಅದರಲ್ಲಿತ್ತು. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆ ಅದಿರೆಲ್ಲ ಕತ್ತಲಲ್ಲಿ ಕದ್ದು ಹೋದದ್ದಲ್ಲ, ಹಗಲಲ್ಲೇ ಹೆದ್ದಾರಿಯಲ್ಲೇ ಹೋದದ್ದು. ಪರ್ಮಿಟ್ ಇಲ್ಲದೆ ಹೋದದ್ದಿದೆ, ನಕಲಿ ಪರ್ಮಿಟ್ ಹಿಡಿದು ಹೋದದ್ದಿದೆ, ಹೇಳಿದ್ದಕ್ಕಿಂತ ಹೆಚ್ಚು ಭಾರ ಹೊತ್ತು ಹೋದದ್ದಿದೆ. ಕಾಕ ಹೇಳುತ್ತಾರೆ, "ನಮಗೆ ಕೊಟ್ಟ ಪರ್ಮಿಟ್ ಅಸಲೋ ನಕಲೋ ನಮಗೇ ಗೊತ್ತಿರಲಿಲ್ಲ. ಸೀಲಿತ್ತು, ಸಹಿ ಇತ್ತು, ಗೇಟಿನವನು ನೋಡಿ ಬಿಡುತ್ತಿದ್ದ." ಸೀಲು ಮಾಡುವವನು ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ಕೂತಿರುತ್ತಾನೆ. ನೂರಿನ್ನೂರು ರೂಪಾಯಿಯ ಮಾತು. ಮುಂದೆ ಪರ್ಮಿಟ್ಟುಗಳು ಕಂಪ್ಯೂಟರಿಗೆ ಬಂದದ್ದು, ಅದಿರು ಇ-ಹರಾಜಿಗೆ ಹೋದದ್ದು ಈ ಅನುಭವದಿಂದಲೇ.

ನುಕ್ತದ ಲೆಕ್ಕ

ಡಿಜಿಟಲ್ ಸಹಿ ಎಂದರೆ ಸಹಿಯ ಫೋಟೋ ಅಲ್ಲ. ಇದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಬೇಕು. ಕಾಗದದ ಮೇಲೆ ಸಹಿ ಮಾಡಿ, ಮೊಬೈಲಿನಲ್ಲಿ ಫೋಟೋ ತೆಗೆದು, ಪಿಡಿಎಫ್‌ಗೆ ಅಂಟಿಸಿ ವಾಟ್ಸಾಪ್ ಮಾಡುತ್ತಾರಲ್ಲ, ಅದು ಬರೀ ಚಿತ್ರ. ನಮ್ಮ ಮದ್ರಸದ ಒಂದು ಸರ್ಟಿಫಿಕೇಟಿನಿಂದ ನಮ್ಮ ಸಹಿಯನ್ನು ಕತ್ತರಿಸಿ ಇನ್ನೊಂದಕ್ಕೆ ಅಂಟಿಸಲು ಎಂಟನೇ ತರಗತಿಯ ಹುಡುಗನಿಗೆ ಎರಡು ನಿಮಿಷ ಸಾಕು.

ನಿಜವಾದ ಡಿಜಿಟಲ್ ಸಹಿ ಹೀಗಿದೆ. ಅರಬಿ ಅಕ್ಷರ ಕಲಿತ ಮಗುವಿಗೂ ಗೊತ್ತು, ಕೆಳಗೆ ಒಂದು ನುಕ್ತ ಇಟ್ಟರೆ ಬಾ, ಮೇಲೆ ಎರಡಿಟ್ಟರೆ ತಾ, ಮೂರಿಟ್ಟರೆ ಸಾ. ಒಂದು ಚುಕ್ಕೆ ಆಚೀಚೆಯಾದರೆ ಮಾತೇ ಬೇರೆ. ಕಂಪ್ಯೂಟರು ದಾಖಲೆಯ ಪ್ರತಿಯೊಂದು ಅಕ್ಷರ, ಪ್ರತಿಯೊಂದು ಚುಕ್ಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಒಂದು ನಿಗದಿತ ಉದ್ದದ ಸಂಖ್ಯೆ ಮಾಡುತ್ತದೆ. ನೂರು ಪುಟದ ಕರಾರಿಗೂ ಅಷ್ಟೇ ಉದ್ದ, ಒಂದು ಸಾಲಿನ ಚೀಟಿಗೂ ಅಷ್ಟೇ. ಆದರೆ ಎರಡು ಎಕರೆಯನ್ನು ಮೂರು ಎಕರೆ ಮಾಡಿದರೆ ಆ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಸಹಿ ಮಾಡುವವನ ಬಳಿ ಒಂದು ಗುಟ್ಟಿನ ಕೀಲಿ ಇರುತ್ತದೆ. ಅದರಿಂದ ಆ ಸಂಖ್ಯೆಗೆ ಬೀಗ ಹಾಕುತ್ತಾನೆ. ಅದರ ಜೋಡಿ ಕೀಲಿ ಎಲ್ಲರಿಗೂ ಕೊಟ್ಟದ್ದು. ಅದರಿಂದ ಯಾರು ಬೇಕಾದರೂ ತೆಗೆದು ನೋಡಬಹುದು, ಆದರೆ ಹೊಸದಾಗಿ ಹಾಕಲು ಬರುವುದಿಲ್ಲ. ತೆಗೆದಾಗ ಸಿಕ್ಕ ಸಂಖ್ಯೆಯೂ ಈಗ ಲೆಕ್ಕ ಹಾಕಿದ ಸಂಖ್ಯೆಯೂ ಒಂದೇ ಆದರೆ ಎರಡು ವಿಷಯ ಖಾತ್ರಿ: ಕಾಗದ ಬದಲಾಗಿಲ್ಲ, ಮತ್ತು ಆ ಕೀಲಿಯಿಂದಲೇ ಸಹಿ ಆಗಿದೆ. 'ಆ ಕೀಲಿಯಿಂದ' ಎಂದೆವು, 'ಆ ಮನುಷ್ಯನಿಂದ' ಎನ್ನಲಿಲ್ಲ. ಈ ವ್ಯತ್ಯಾಸಕ್ಕೆ ಆಮೇಲೆ ಬರುತ್ತೇವೆ.

ಹಾಗಾದರೆ ಆ ಕೀಲಿ ಇಂಥವರದ್ದೇ ಎಂದು ಹೇಳುವವರು ಯಾರು? ಹದೀಸ್ ಓದುವಾಗ ನಾವು ಇಸ್ನಾದ್ ನೋಡುತ್ತೇವೆ. ಇವರು ಅವರಿಂದ ಕೇಳಿದರು, ಅವರು ಇನ್ನೊಬ್ಬರಿಂದ ಕೇಳಿದರು ಎಂಬ ಸರಪಳಿ. ಇಲ್ಲಿಯೂ ಅಂಥದೇ ಒಂದು ಸರಪಳಿ ಇದೆ. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತೆ ದೆಹಲಿಯಲ್ಲಿ ಒಬ್ಬ ನಿಯಂತ್ರಕರಿದ್ದಾರೆ. ಅವರು ಕೆಲವು ಸಂಸ್ಥೆಗಳಿಗೆ ಲೈಸೆನ್ಸ್ ಕೊಟ್ಟಿದ್ದಾರೆ. ಬೆಂಗಳೂರಿನ ಇ-ಮುದ್ರಾ ಅವುಗಳಲ್ಲೊಂದು. ಆ ಸಂಸ್ಥೆ ನಿಮ್ಮ ಗುರುತು ಪರೀಕ್ಷಿಸಿ, ಈ ಕೀಲಿ ಇವರದ್ದು ಎಂದು ಪ್ರಮಾಣಪತ್ರ ಕೊಡುತ್ತದೆ.

ಸರಪಳಿಯಲ್ಲಿ ಒಬ್ಬ ದುರ್ಬಲನಿದ್ದರೆ ಹದೀಸೇ ದುರ್ಬಲ. ಇಲ್ಲಿಯೂ ಹಾಗೆಯೇ. 2011ರಲ್ಲಿ ನೆದರ್ಲೆಂಡ್ಸಿನ ಡಿಜಿನೋಟಾರ್ ಎಂಬ ಇಂಥದೇ ಸಂಸ್ಥೆಯ ಕಂಪ್ಯೂಟರಿಗೆ ಕಳ್ಳರು ನುಗ್ಗಿ ಐನೂರಕ್ಕೂ ಹೆಚ್ಚು ಸುಳ್ಳು ಪ್ರಮಾಣಪತ್ರ ಮಾಡಿಕೊಂಡರು. ಅದೇ ವರ್ಷ ಆ ಸಂಸ್ಥೆ ದಿವಾಳಿಯಾಯಿತು. ನಮ್ಮಲ್ಲೂ ಆಗಿದೆ. 2014ರ ಜುಲೈಯಲ್ಲಿ ಸರ್ಕಾರದ್ದೇ ಆದ ನ್ಯಾಷನಲ್ ಇನ್ಫಾರ್ಮ್ಯಾಟಿಕ್ಸ್ ಸೆಂಟರ್ ಹೆಸರಿನಲ್ಲಿ ಗೂಗಲ್ ಜಾಲತಾಣಗಳಿಗೆ ಅನಧಿಕೃತ ಪ್ರಮಾಣಪತ್ರ ಹೊರಬಿದ್ದದ್ದನ್ನು ಗೂಗಲಿನವರು ಹಿಡಿದರು. ನಿಯಂತ್ರಕರು ಅದನ್ನು ರದ್ದು ಮಾಡಬೇಕಾಯಿತು. ಆದ್ದರಿಂದ ಕಂಪ್ಯೂಟರ್ ಎಂದರೆ ತಪ್ಪೇ ಆಗದು ಎಂದು ಮಕ್ಕಳಿಗೆ ಹೇಳಿಕೊಡಬೇಡಿ.

ಪ್ರಿಂಟ್ ತೆಗೆದ ಮೇಲೆ ಸಹಿ ಎಲ್ಲಿ?

ಕಾಕನ ಪಹಣಿಗೆ ಬರೋಣ. ಕರ್ನಾಟಕದ ಪಹಣಿಗೆ ದೊಡ್ಡ ಚರಿತ್ರೆಯೇ ಇದೆ. ಮೊದಲು ಅದು ಗ್ರಾಮ ಲೆಕ್ಕಿಗರ ಕೈಬರಹ. ಪುಸ್ತಕ ಅವರ ಮನೆಯಲ್ಲೇ. ಬೇಕಾದಾಗ ಅವರನ್ನು ಹುಡುಕಬೇಕು, ಸಿಕ್ಕಿದರೆ 'ಖರ್ಚು' ಕೊಡಬೇಕು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ನಡೆಸಿದ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪ್ರತಿ ಸಿಗತೊಡಗಿತು. ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದಾಯಿತು. ಕಂಪ್ಯೂಟರಿನ ಮುಂದೆ ಕೂರುವ ನೌಕರನೂ ಬೆರಳಿಟ್ಟೇ ಒಳಹೋಗಬೇಕು, ನಾನಲ್ಲ ಬದಲಿಸಿದ್ದು ಎಂದು ಆಮೇಲೆ ಹೇಳಬಾರದು ಎಂಬ ವ್ಯವಸ್ಥೆಯನ್ನೂ ಅಂದೇ ಮಾಡಿದ್ದರು. ಈಗ ಮನೆಯಲ್ಲೇ ಕೂತು ಡಿಜಿಟಲ್ ಸಹಿಯ ಪಹಣಿ ತೆಗೆಯಬಹುದು. ಅದಕ್ಕೆ ಸೀಲು ಬೇಡ. ಹುಡುಗನ ಸಂಶಯಕ್ಕೆ ಇದು ಉತ್ತರ.

ಕಾಕನ ಮಗನ ತಪ್ಪು ಎಲ್ಲಿ ಎಂದರೆ, ಡಿಜಿಟಲ್ ಸಹಿ ಇರುವುದು ಫೈಲಿನ ಒಳಗೆ. ಪ್ರಿಂಟ್ ತೆಗೆದ ಕೂಡಲೇ ಸಹಿ ಹೋಯಿತು. ಕಾಗದದ ಮೇಲೆ ಉಳಿದದ್ದು ಸಹಿ ಇತ್ತು ಎಂದು ಹೇಳುವ ಒಂದು ಚಿತ್ರ ಮಾತ್ರ. ಆ ಚಿತ್ರವನ್ನು ಯಾರು ಬೇಕಾದರೂ ಯಾವ ಕಾಗದದ ಮೇಲೆ ಬೇಕಾದರೂ ಮುದ್ರಿಸಬಹುದು. ಹಾಗಾಗಿ ಪ್ರಿಂಟನ್ನು ನೋಡಿ ನಂಬುವಂತಿಲ್ಲ. ಅದರ ಮೇಲಿನ ಸರ್ವೆ ನಂಬರು, ಹಿಸ್ಸಾ, ಕ್ಯೂಆರ್ ಕೋಡು ಇವನ್ನು ಹಿಡಿದು ಕಂದಾಯ ಇಲಾಖೆಯ ಜಾಲತಾಣಕ್ಕೇ ಹೋಗಿ ನಾವೇ ನೋಡಬೇಕು. ಕ್ಯೂಆರ್ ಒತ್ತಿದಾಗ ತೆರೆಯುವ ವಿಳಾಸ 'ಕರ್ನಾಟಕ ಡಾಟ್ ಗವ್ ಡಾಟ್ ಇನ್' ಎಂದು ಮುಗಿಯುತ್ತದೆಯೇ ಎಂದು ಗಮನಿಸಬೇಕು, ಏಕೆಂದರೆ ಸುಳ್ಳು ಕ್ಯೂಆರ್ ಸುಳ್ಳು ಜಾಲತಾಣಕ್ಕೇ ಕರೆದೊಯ್ಯುತ್ತದೆ.

ಫೈಲೇ ಕೈಯಲ್ಲಿದ್ದರೆ? ಮೊಬೈಲಿನಲ್ಲಿ ತೆರೆದರೆ ಸಾಮಾನ್ಯವಾಗಿ ಚಿತ್ರ ಮಾತ್ರ ಕಾಣುತ್ತದೆ, ಪರೀಕ್ಷೆ ಆಗುವುದಿಲ್ಲ. ಕಂಪ್ಯೂಟರಿನ ಪಿಡಿಎಫ್ ರೀಡರಿನಲ್ಲಿ ತೆರೆದು ಸಹಿಯ ಮೇಲೆ ಒತ್ತಬೇಕು. ಆಗ ಹಳದಿ ಪ್ರಶ್ನೆ ಚಿಹ್ನೆ, 'ಸಿಗ್ನೇಚರ್ ನಾಟ್ ವೆರಿಫೈಡ್' ಎಂಬ ಬರಹ ಕಂಡು ಎಷ್ಟೋ ಜನ ಹೆದರುತ್ತಾರೆ. ಅದು ಸುಳ್ಳು ಎಂದು ಹೇಳುವುದಲ್ಲ. ನಾವು ಆಗ ಹೇಳಿದ ಸರಪಳಿಯ ತುದಿಯಲ್ಲಿರುವವರ ಪರಿಚಯ ಈ ಕಂಪ್ಯೂಟರಿಗಿಲ್ಲ ಎಂದಷ್ಟೇ. ತಿಳಿದವರಿಂದ ಒಮ್ಮೆ ಆ ಪರಿಚಯ ಮಾಡಿಸಿದರೆ ಹಸಿರು ಗುರುತು ಬರುತ್ತದೆ. ಸಹಿಯಾದ ಮೇಲೆ ದಾಖಲೆ ಬದಲಾಗಿದೆ ಎಂದು ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ.

ಆ ರಾತ್ರಿ ಕಾಕನ ಮಗ ಮೊಬೈಲಿನಲ್ಲೇ ಇಲಾಖೆಯ ಜಾಲತಾಣ ತೆರೆದು ಸರ್ವೆ ನಂಬರು ಹಾಕಿದ. ಹೆಸರು ಸರಿ. ವಿಸ್ತೀರ್ಣ ಸರಿ. ಋಣದ ಕಲಂ ನೋಡಿದ. ಕೈಯಲ್ಲಿದ್ದ ಪ್ರಿಂಟಿನಲ್ಲಿ ಅದು ಖಾಲಿ. ಜಾಲತಾಣದಲ್ಲಿ ಬ್ಯಾಂಕಿನ ಹೆಸರು, ಸಾಲದ ಮೊತ್ತ ಎರಡೂ ಇತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅತ್ತಿಗೆ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತರು.

ಮರುದಿನ ದಲ್ಲಾಳಿಯ ಫೋನ್ ಸ್ವಿಚ್ ಆಫ್. ಹೊಲದ ಯಜಮಾನರು ತಾವಾಗಿಯೇ ಹೋಟೆಲಿಗೆ ಬಂದರು. ಅವರ ಬಗ್ಗೆ ನಾವು ಕೆಟ್ಟದ್ದೇ ಯೋಚಿಸಿದ್ದೆವು, ಅದು ತಪ್ಪಾಯಿತು. "ಸಾಲ ಐತಂತ ನಾ ಅವಂಗ ಮೊದ್ಲೇ ಹೇಳೀನ್ರಿ ಸಾವ್ಕಾರ. ಅಡ್ವಾನ್ಸ್ ಬಂದ್ಮ್ಯಾಗ ಕಟ್ಟಿ ಬಿಡಿಸ್ಕೊಂಡ್ರಾತು ಅಂದ. ಕಾಗ್ದ ಅಂವನ ತಂದಿದ್ದು, ನಂಗ ಓದಾಕ ಬರಂಗಿಲ್ಲ." ಓದಲು ಬಾರದ ಆ ಮನುಷ್ಯನಿಗೂ ಓದಲು ಬರುವ ನಮಗೂ ಆ ಕಾಗದದ ಮುಂದೆ ದೊಡ್ಡ ವ್ಯತ್ಯಾಸವಿರಲಿಲ್ಲ.

ಹೆಬ್ಬೆಟ್ಟು

ನಮ್ಮ ಜಿಲ್ಲೆಯ ಮಾತು ಬಿಟ್ಟು ಬಳ್ಳಾರಿಯದ್ದೇ ಹೇಳುತ್ತಿದ್ದೇವೆ ಎನ್ನಬೇಡಿ. 2023ರಲ್ಲಿ ಮಂಗಳೂರಿನಲ್ಲಿ ಏನಾಯಿತು ನೆನಪಿದೆಯಲ್ಲ? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜಾಗ ನೋಂದಣಿ ಮಾಡಿಸಿ ಬಂದವರ ಬ್ಯಾಂಕ್ ಖಾತೆಯಿಂದ ಹಣ ಹೋಯಿತು. ಒಟಿಪಿ ಯಾರಿಗೂ ಕೊಟ್ಟಿರಲಿಲ್ಲ, ಲಿಂಕ್ ಒತ್ತಿರಲಿಲ್ಲ. ಬೆಂಗಳೂರಿನಲ್ಲೂ ಅದೇ ದೂರು. ಕ್ರಯಪತ್ರದಲ್ಲಿ ಹೆಬ್ಬೆಟ್ಟಿನ ಗುರುತೂ ಆಧಾರ್ ಸಂಖ್ಯೆಯೂ ಇರುತ್ತಿತ್ತು. ನೋಂದಣಿ ಜಾಲತಾಣದಿಂದ ಇಳಿಸಿಕೊಂಡ ಪತ್ರದಿಂದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ಯಂತ್ರದಲ್ಲಿ ಒತ್ತಿ, ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯುತ್ತಿದ್ದರು. ಮಂಗಳೂರು ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಬಂಧಿಸಿ ತಂದರು. ಆಮೇಲೆ ರಾಜ್ಯದ ನೋಂದಣಿ ಇಲಾಖೆ ಕಾವೇರಿ ಜಾಲತಾಣದ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಿತು.

ಹೆಬ್ಬೆಟ್ಟು ನಮ್ಮ ಅಜ್ಜಂದಿರ ಸಹಿ. ಸಹಿ ಮಾಡಲು ಬಾರದವನ ಮಾನ ಅದರಲ್ಲಿತ್ತು. ಆದರೆ ಅದನ್ನು ಯಂತ್ರದ ಕೀಲಿಯಾಗಿ ಮಾಡಿದಾಗ ಒಂದು ತೊಂದರೆ ಇದೆ. ಪಾಸ್‌ವರ್ಡ್ ಕಳ್ಳತನವಾದರೆ ಬದಲಿಸಬಹುದು, ಎಟಿಎಂ ಕಾರ್ಡ್ ಕಳೆದರೆ ಬ್ಲಾಕ್ ಮಾಡಿ ಹೊಸದು ತರಬಹುದು. ಹೆಬ್ಬೆಟ್ಟು ಕಳ್ಳತನವಾದರೆ? ಹೊಸ ಬೆರಳು ಎಲ್ಲಿಂದ ತರುವುದು? ಅದಕ್ಕೇ ಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಇಟ್ಟಿದ್ದಾರೆ. ಎಂ-ಆಧಾರ್ ಆ್ಯಪ್‌ನಲ್ಲೋ ಆಧಾರ್ ಜಾಲತಾಣದಲ್ಲೋ ಲಾಕ್ ಮಾಡಿಟ್ಟರೆ ಯಾರು ನಿಮ್ಮ ಬೆರಳಚ್ಚು ಒತ್ತಿದರೂ ಯಂತ್ರ ಒಪ್ಪುವುದಿಲ್ಲ. ರೇಷನ್ ಅಂಗಡಿಗೆ ಹೋಗುವ ದಿನ ತೆರೆದು ಮತ್ತೆ ಹಾಕಬೇಕು, ಅಷ್ಟು ರಗಳೆ ಇದೆ. ಜಾಗ ನೋಂದಣಿ ಮಾಡಿಸಿದ ಪ್ರತಿ ಮನೆಯಲ್ಲೂ, ಅದರಲ್ಲೂ ಉಮ್ಮಂದಿರ ಹೆಸರಲ್ಲಿ ಜಾಗ ಇರುವಲ್ಲಿ, ಇದನ್ನು ಮಾಡಿಕೊಟ್ಟರೆ ಒಳ್ಳೆಯದು. ಗೊತ್ತಾಗದಿದ್ದರೆ ಆಧಾರ್ ಸಹಾಯವಾಣಿ 1947. ಹಣ ಹೋದರೆ ತಕ್ಷಣ 1930.

ಉಂಗುರ

ಪ್ರವಾದಿ (ಸ) ಅವರು ರೂಮಿನ ದೊರೆಗೆ ಪತ್ರ ಬರೆಸಲು ಹೊರಟಾಗ, ಮುದ್ರೆ ಇಲ್ಲದ ಪತ್ರವನ್ನು ಅವರು ಓದುವುದಿಲ್ಲ ಎಂದು ಸಂಗಡಿಗರು ತಿಳಿಸಿದರು. ಆಗ ಬೆಳ್ಳಿಯ ಉಂಗುರ ಮಾಡಿಸಿ ಅದರಲ್ಲಿ ಮೂರು ಸಾಲಿನ ಕೆತ್ತನೆ ಮಾಡಿಸಿದರು. ಇದು ಎಲ್ಲರಿಗೂ ಗೊತ್ತು. ಇದರ ಜೊತೆ ಬರುವ ಇನ್ನೊಂದು ಮಾತನ್ನು ನಾವು ಅಷ್ಟಾಗಿ ಹೇಳುವುದಿಲ್ಲ: ಆ ಕೆತ್ತನೆಯನ್ನು ಬೇರೆ ಯಾರೂ ತಮ್ಮ ಉಂಗುರದಲ್ಲಿ ಮಾಡಿಸಬಾರದೆಂದು ಅವರು ತಡೆದಿದ್ದರು. ಮುದ್ರೆಯ ಬೆಲೆ ಇರುವುದು ಅದು ಒಂದೇ ಆಗಿರುವುದರಲ್ಲಿ. ಮುಂದೆ ಆ ಉಂಗುರ ಅಬೂಬಕರ್, ಉಮರ್, ಉಸ್ಮಾನ್ (ರ) ಅವರ ಕೈಗೆ ಬಂತು. ಉಸ್ಮಾನ್ (ರ) ಅವರ ಕಾಲದಲ್ಲಿ ಮದೀನಾದ ಅರೀಸ್ ಬಾವಿಗೆ ಬಿತ್ತು. ಮೂರು ದಿನ ಹುಡುಕಿದರು, ಬಾವಿಯ ನೀರನ್ನೇ ಎತ್ತಿದರು, ಸಿಗಲಿಲ್ಲ.

ಒಂದು ಉಂಗುರಕ್ಕೆ ಮೂರು ದಿನ. ನಾವು ನಮ್ಮ ಉಂಗುರಗಳನ್ನು ಎಲ್ಲಿಟ್ಟಿದ್ದೇವೆ?

ವ್ಯಾಪಾರ ಮಾಡುವ ಮನೆಗಳಲ್ಲಿ 'ಡಾಂಗಲ್' ಎನ್ನುವ ವಸ್ತು ಗೊತ್ತಿರುತ್ತದೆ. ಪೆನ್‌ಡ್ರೈವ್‌ನಂತೆ ಕಾಣುತ್ತದೆ. ಟೆಂಡರ್ ಹಾಕಲು, ಕಂಪನಿ ಲೆಕ್ಕ ಸಲ್ಲಿಸಲು ಬೇಕು. ನಾವು ಹೇಳಿದ ಗುಟ್ಟಿನ ಕೀಲಿ ಇರುವುದು ಅದರ ಒಳಗೆ. ಅದು ಒಳ್ಳೆಯ ವಸ್ತು, ಒಳಗಿನ ಕೀಲಿಯನ್ನು ಹೊರಗೆ ನಕಲು ತೆಗೆಯಲು ಬರದಂತೆ ಮಾಡಿದ್ದಾರೆ. ಆದರೆ ಡಾಂಗಲನ್ನೇ ಪಿನ್ ಸಮೇತ ಕೊಟ್ಟರೆ ನಕಲು ಯಾಕೆ ಬೇಕು? ಕಾಕನೂ ಪಾಲುದಾರರ ಜೊತೆ ಒಂದು ಸಣ್ಣ ಸಾಗಾಟದ ಕಂಪನಿ ಮಾಡಿಕೊಂಡಿದ್ದಾರೆ. "ನಿಮ್ಮ ಡಾಂಗಲ್ ಎಲ್ಲಿದೆ?" ಎಂದು ಕೇಳಿದೆವು. "ಅದು ಅಕೌಂಟೆಂಟ್ ಹತ್ರ, ಮಾಡಿಸಿದ ದಿನದಿಂದ ಅಲ್ಲೇ." ಪಿನ್? "ಅವರೇ ಇಟ್ಟದ್ದು."

ನಾವೂ ಕಾಕನ ಜೊತೆ ಆ ಕಚೇರಿಗೆ ಹೋದೆವು. ಡ್ರಾಯರ್ ಎಳೆದರು. ಒಳಗೆ ಮೂವತ್ತೋ ನಲವತ್ತೋ ಡಾಂಗಲ್. ಒಂದೊಂದಕ್ಕೂ ಬಿಳಿ ಪಟ್ಟಿ ಅಂಟಿಸಿ ಹೆಸರು ಬರೆದಿದ್ದಾರೆ. ಹೆಸರಿನ ಕೆಳಗೇ ಪಿನ್. ಆ ಅಕೌಂಟೆಂಟ್ ಸಜ್ಜನರು, ಮೋಸ ಮಾಡಿದವರಲ್ಲ. ಚಹಾ ಕುಡಿಸಿ, "ಎಲ್ಲರದೂ ಇಲ್ಲೇ ಇರೋದ್ರಿ, ಇಲ್ಲಾಂದ್ರ ತಾರೀಕ್ ತಪ್ಪಿ ದಂಡ ಬೀಳ್ತೈತಿ" ಎಂದರು. ಅದೂ ನಿಜವೇ. ಆದರೆ ಆ ಡ್ರಾಯರಿಗೆ ಬೀಗವಿರಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಮೂರು ಹುಡುಗರಲ್ಲಿ ಒಬ್ಬ ನಾಳೆ ಕೆಲಸ ಬಿಟ್ಟು ಹೋಗುವಾಗ ಏನು ತೆಗೆದುಕೊಂಡು ಹೋಗಬಹುದು ಎಂದು ಯೋಚಿಸಿದರೆ ನಮಗೆ ಆ ಚಹಾ ಇಳಿಯಲಿಲ್ಲ.

ಕಾಯ್ದೆಯ 42ನೇ ಕಲಂ ಈ ವಿಷಯವನ್ನೇ ಹೇಳುತ್ತದೆ. ಗುಟ್ಟಿನ ಕೀಲಿಯನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳುವುದು ಅದರ ಒಡೆಯನ ಹೊಣೆ. ಅದು ಬೇರೆಯವರ ಪಾಲಾದರೆ ತಡಮಾಡದೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸಬೇಕು. ತಿಳಿಸುವವರೆಗೆ ಹೊಣೆ ಅವನದೇ. ಇನ್ನೊಬ್ಬರ ಎಲೆಕ್ಟ್ರಾನಿಕ್ ಸಹಿಯನ್ನು ಮೋಸದಿಂದ ಬಳಸಿದರೆ 66ಸಿ ಕಲಮಿನಂತೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಆದರೆ ಪಿನ್ ಬರೆದು ನೀವೇ ಕೈಗೆ ಕೊಟ್ಟ ಮೇಲೆ, ನಾನು ಮಾಡಿದ್ದಲ್ಲ ಎಂದು ಕೋರ್ಟಿನಲ್ಲಿ ಸಾಬೀತು ಮಾಡುವುದು ಸುಲಭವೇ? ಶಾಯಿಯ ಸಹಿಯಾದರೆ ಬರಹ ತಜ್ಞರನ್ನು ಕರೆಸಿ ಓರೆ ಕೋರೆ ನೋಡಿಸಬಹುದು. ಡಾಂಗಲಿನ ಸಹಿ ಯಾರು ಒತ್ತಿದರೂ ಒಂದೇ ರೀತಿ. ಕೀಲಿ ಬೇರೆ, ಮನುಷ್ಯ ಬೇರೆ ಎಂದು ಆಗ ಹೇಳಿದ್ದು ಇದಕ್ಕೆ.

ಇದಕ್ಕಿಂತ ಸಾಮಾನ್ಯವಾದದ್ದು ಆಧಾರ್ ಇ-ಸೈನ್. ಇದರಲ್ಲಿ ಡಾಂಗಲ್ ಬೇಡ, ಒಟಿಪಿ ಸಾಕು. ಒಟಿಪಿ ಕೊಟ್ಟ ಆ ಕ್ಷಣಕ್ಕೆ ನಿಮ್ಮ ಹೆಸರಲ್ಲಿ ಒಂದು ಕೀಲಿ ಹುಟ್ಟುತ್ತದೆ, ಒಂದು ಸಹಿ ಮಾಡುತ್ತದೆ, ಅಳಿದುಹೋಗುತ್ತದೆ. ಪ್ರಮಾಣಪತ್ರದ ಆಯುಷ್ಯ ಬರೀ 30 ನಿಮಿಷ. ಕಳ್ಳನಿಗೆ ಕದಿಯಲು ಏನೂ ಉಳಿಯುವುದಿಲ್ಲ, ತಂತ್ರಜ್ಞಾನ ಅಷ್ಟು ಚೆನ್ನಾಗಿದೆ. ಆದರೆ ಕಳೆದ ವರ್ಷ ನಮ್ಮ ಜಮಾಅತಿನ ಒಬ್ಬ ಹುಡುಗ ಸಾಲದ ಏಜೆಂಟ್ ಕೇಳಿದನೆಂದು ಒಟಿಪಿ ಹೇಳಿದ. "ನಿಮಗೆ ಎಷ್ಟು ಸಾಲ ಸಿಗುತ್ತೆ ನೋಡ್ತೇನೆ" ಎಂದಿದ್ದನಂತೆ ಅವನು. ಆಗಿದ್ದು ಮೂವತ್ತೆಂಟು ಪುಟದ ಇಂಗ್ಲಿಷ್ ಕರಾರಿಗೆ ಸಹಿ. ಸಹಿ ಅಸಲು, ಸರಪಳಿ ಗಟ್ಟಿ, ಹಸಿರು ಗುರುತೂ ಇದೆ. ಒಪ್ಪಿಗೆ ಮಾತ್ರ ಇರಲಿಲ್ಲ.

ಕುರ್‌ಆನಿನ ಅತಿ ಉದ್ದದ ಆಯತ್ ನಮಾಝಿನ ಬಗ್ಗೆಯಲ್ಲ, ಉಪವಾಸದ ಬಗ್ಗೆಯಲ್ಲ. ಸಾಲವನ್ನು ಬರೆದಿಡುವ ಬಗ್ಗೆ. ಸೂರಾ ಅಲ್ ಬಕರದ 282. ನಾವು ಮಕ್ಕಳಿಗೆ ಅದನ್ನು ಓದಿಸುವಾಗ ಬರೆಯಬೇಕು, ಸಾಕ್ಷಿ ಬೇಕು ಎಂಬಲ್ಲಿಗೆ ನಿಲ್ಲಿಸುತ್ತೇವೆ. ಅದರಲ್ಲಿ ಇನ್ನೊಂದಿದೆ. ಬರೆಯಿಸಬೇಕಾದವನು ಯಾರು? ಸಾಲ ಕೊಡುವವನಲ್ಲ, ಹೊರೆ ಹೊರುವವನು. ಅವನಿಗೆ ಹೇಳಿ ಬರೆಯಿಸಲು ಆಗದಿದ್ದರೆ ಅವನ ಪರವಾಗಿರುವವನು. ಅಂದರೆ ಹೊರೆ ಯಾರ ತಲೆಯ ಮೇಲೆ ಬೀಳುತ್ತದೋ ಅವನಿಗೆ ಅಕ್ಷರ ಅಕ್ಷರ ಗೊತ್ತಿರಬೇಕು. ಮೂವತ್ತೆಂಟು ಪುಟದ ಇಂಗ್ಲಿಷನ್ನು ನಾಲ್ಕು ಇಂಚಿನ ಪರದೆಯಲ್ಲಿ ತೋರಿಸಿ ಒಟಿಪಿ ಕೇಳುವವರನ್ನು ನೆನೆದರೆ ನಮಗೆ ಈ ಆಯತ್ತೇ ಕಣ್ಣ ಮುಂದೆ ಬರುತ್ತದೆ. ಕನ್ನಡದಲ್ಲಿ ಕರಾರು ಕೇಳುವ ಧೈರ್ಯ ನಮ್ಮವರಿಗೆ ಯಾಕಿಲ್ಲ ಎಂಬುದು ಬೇರೆಯೇ ಮಾತು.

ಗಲ್ಫಿನಿಂದ ಬರುವ ಪಿಡಿಎಫ್

ಇಷ್ಟು ಹೇಳಿ ನಮ್ಮ ಸಮುದಾಯಕ್ಕೆ ಹೆಚ್ಚು ಬೇಕಾದದ್ದನ್ನು ಬಿಟ್ಟರೆ ಸರಿಯಾಗದು. ಮನೆಯ ಗಂಡಸು ದುಬೈಯಲ್ಲೋ ದಮ್ಮಾಮಿನಲ್ಲೋ ಇರುತ್ತಾನೆ. ಊರಲ್ಲಿ ಜಾಗದ ವ್ಯವಹಾರ. ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಡಬೇಕು. "ಡಿಜಿಟಲ್ ಸಹಿ ಹಾಕಿ ಮೇಲ್ ಮಾಡ್ತೇನೆ" ಎನ್ನುತ್ತಾನೆ. ಆಗುವುದಿಲ್ಲ. ಎಲೆಕ್ಟ್ರಾನಿಕ್ ಸಹಿ ಎಲ್ಲಿ ನಡೆಯುವುದಿಲ್ಲ ಎಂದು ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಪಟ್ಟಿಯೇ ಇದೆ. 2022ರಲ್ಲಿ ಆ ಪಟ್ಟಿಯನ್ನು ಸಡಿಲ ಮಾಡಿ ಸ್ಥಿರಾಸ್ತಿ ಮಾರಾಟದ ಕರಾರನ್ನು ಅದರಿಂದ ತೆಗೆದರು. ಬ್ಯಾಂಕಿನಂಥ ಸಂಸ್ಥೆಗಳಿಗೆ ಬರೆದುಕೊಡುವ ಪವರ್ ಆಫ್ ಅಟಾರ್ನಿಗೂ ಅವಕಾಶ ಕೊಟ್ಟರು. ಆದರೆ ಅಣ್ಣ ತಮ್ಮನಿಗೆ ಕೊಡುವ ಪವರ್ ಆಫ್ ಅಟಾರ್ನಿ ಇನ್ನೂ ಪಟ್ಟಿಯಲ್ಲೇ ಇದೆ. ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಹೋಗಿ, ಅವರ ಮುಂದೆ ಶಾಯಿಯ ಸಹಿ ಹಾಕಿ ದೃಢೀಕರಿಸಿ ಕಳುಹಿಸಬೇಕು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಿಸಬೇಕು. ಜಾಗ ಕೊಳ್ಳುವವರು ಇದನ್ನು ನೋಡದೆ ಹಣ ಕೊಟ್ಟರೆ ಆಮೇಲೆ ಅಲೆದಾಟ ಅವರದೇ.

ವಸಿಯ್ಯತ್, ಅಂದರೆ ಮರಣಶಾಸನವೂ ಆ ಪಟ್ಟಿಯಲ್ಲಿದೆ. ಟ್ರಸ್ಟ್ ಡೀಡೂ ಇದೆ. ಮಸೀದಿ ಮದ್ರಸಗಳಿಗೆ ಟ್ರಸ್ಟ್ ಮಾಡುವವರು ಗಮನಿಸಿ. ವಸಿಯ್ಯತ್ ಬರೆಯುವವರು ಕಾಗದದಲ್ಲೇ ಬರೆಯಿರಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಎಲ್ಲಿಟ್ಟಿದ್ದೀರಿ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಹಲಕುಂದಿಯ ಹೊಲದ ವ್ಯವಹಾರ ಮುರಿದಿಲ್ಲ. ಬ್ಯಾಂಕಿನ ಸಾಲ ತೀರಿ, ಋಣದ ಕಲಂ ಜಾಲತಾಣದಲ್ಲಿ ಖಾಲಿಯಾದ ದಿನ ಮಾತಾಡೋಣ ಎಂದು ಕಾಕ ಮತ್ತು ಆ ರೈತರು ದಲ್ಲಾಳಿಯನ್ನು ಬಿಟ್ಟು ನೇರವಾಗಿ ಒಪ್ಪಿಕೊಂಡಿದ್ದಾರೆ. ಡಾಂಗಲ್ ಅಕೌಂಟೆಂಟರ ಡ್ರಾಯರಿನಿಂದ ಹೊರಬಂದು ಅತ್ತಿಗೆಯ ಕಪಾಟು ಸೇರಿದೆ. ಲೆಕ್ಕ ಸಲ್ಲಿಸುವ ದಿನ ಕಾಕನ ಮಗ ಅದನ್ನು ಹಿಡಿದು ಹೋಗಿ, ಪಕ್ಕದಲ್ಲಿ ಕೂತು, ಏನಕ್ಕೆ ಸಹಿ ಎಂದು ಕೇಳಿ, ಕೆಲಸ ಮುಗಿಸಿ ತರುತ್ತಾನೆ. ಮೊನ್ನೆ ಫೋನ್ ಮಾಡಿದಾಗ ಕಾಕ ನಗುತ್ತಿದ್ದರು. ಹೊಸ ಪಿನ್ ತಾವೇ ಇಟ್ಟರಂತೆ, ಯಾರಿಗೂ ಹೇಳಲಿಲ್ಲವಂತೆ, ಎಲ್ಲಿಯೂ ಬರೆಯಲಿಲ್ಲವಂತೆ. ಈಗ ಅವರಿಗೇ ನೆನಪಿಲ್ಲ. ಮೂರು ಸಲ ತಪ್ಪು ಒತ್ತಿಯಾಗಿದೆ, ಇನ್ನೂ ಒತ್ತಿದರೆ ಲಾಕ್ ಆಗುತ್ತದೆ ಎಂದು ಮಗ ಕೈಯಿಂದ ಕಸಿದು ಕಪಾಟಿಗೆ ಇಟ್ಟಿದ್ದಾನೆ.